ಮಲ್ಪೆಯ ಕಡಲಲ್ಲಿ ಗ್ರೀಕರ ಜಾಡು

ಗದಗಿಗೆ ಹತ್ತಿರದ ನಾಗಾವಿಯಲ್ಲಿ ನಿಂತವರ ಕಣ್ಣು ತಾನಾಗಿಯೇ ಕಪ್ಪತಗುಡ್ಡದ ಸಾಲಿನ ಕಡೆ ಹೊರಳುತ್ತದೆ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಹಳ್ಳಿಯ ಜನ ಅವನ್ನು ‘ಫ್ಯಾನು’ ಎಂದೇ ಕರೆಯುತ್ತಾರೆ. ಮೇ ಕಳೆದು ಜೂನ್ ಕಾಲಿಟ್ಟಿತೆಂದರೆ ಅವುಗಳ ರೆಕ್ಕೆಗಳಿಗೆ ಬಿಡುವಿಲ್ಲ. ಪಡುವಣದಿಂದ ಬೀಸುವ ಆ ಗಾಳಿ ಹುಟ್ಟುವುದು ಸಮುದ್ರದ ಮೇಲೆ. ಆದರೆ ನಾಗಾವಿಯಿಂದ ಸಮುದ್ರವೆಂದರೆ ಹಕ್ಕಿ ಹಾರುವ ದಾರಿಯಲ್ಲೇ 150 ಕಿಲೋಮೀಟರಿಗೂ ಹೆಚ್ಚು ದೂರ. ಊರಿನ ಹಿರಿಯರಲ್ಲಿ ಕಡಲನ್ನು ಕಣ್ಣಾರೆ ಕಾಣದವರು ಇಂದಿಗೂ ಇದ್ದಾರೆ.

ಅಂಥವರಲ್ಲಿ ಒಬ್ಬ ಅಜ್ಜ. ಎರೆ ಹೊಲದ ಒಕ್ಕಲುತನದಲ್ಲಿ ಅರವತ್ತೆಂಟು ವರ್ಷ ಕಳೆದವರು. ಒಂಬತ್ತನೆಯ ತರಗತಿ ಮುಗಿಸಿದ ಮೊಮ್ಮಗಳ ಹಟದಿಂದಾಗಿ ಅವರು ಮೇ ತಿಂಗಳ ಎರಡನೆಯ ವಾರ ಮಲ್ಪೆಯ ಬಸ್ಸು ಹತ್ತಬೇಕಾಯಿತು. ಹುಡುಗಿಯ ಹಟಕ್ಕೆ ಕಾರಣವಿತ್ತು. ಬರುವ ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ಆಕೆ ಈಗಲೇ ಬರೆದಿಟ್ಟುಕೊಂಡಿದ್ದ ಭಾಷಣದ ಮೊದಲ ಎರಡು ವಾಕ್ಯ ಹೀಗಿದ್ದವು: ‘ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ ಮಾತುಗಳಿವೆ. ಆ ನಾಟಕ ನಡೆದದ್ದು ನಮ್ಮ ಮಲ್ಪೆಯ ತೀರದಲ್ಲಿ.’ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: “ಯಾರ ನೋಡ್ಯಾರ ಯವ್ವಾ?”

ಪ್ರಶ್ನೆ ಸಣ್ಣದಲ್ಲ. ನಾಗಾವಿ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಹನ್ನೊಂದನೆಯ ಶತಮಾನದಲ್ಲಿ ನಾಗಾವಿಯಲ್ಲಿ ಒಂದು ಪ್ರಸಿದ್ಧ ಘಟಿಕಾಸ್ಥಾನವಿತ್ತು, ಅಲ್ಲಿ ಗ್ರಂಥಭಂಡಾರವೂ ಇತ್ತು ಎಂದು ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವೆ. ಆ ನಾಗಾವಿ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನದು. ಗದಗಿನ ನಾಗಾವಿಯಲ್ಲಿ ಇಂದು ಕಾಣುವುದು 2016ರಲ್ಲಿ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಆವರಣ. ಹೆಸರು ಒಂದೇ, ಊರು ಬೇರೆ, ಕಾಲ ಬೇರೆ. ಎರಡು ಸಾವಿರ ವರ್ಷಗಳ ನಂತರ ಯಾರಿಗಾದರೂ ‘ನಾಗಾವಿಯಲ್ಲಿ ವಿದ್ಯಾಕೇಂದ್ರವಿತ್ತು’ ಎಂಬ ಒಂದೇ ಸಾಲು ಸಿಕ್ಕರೆ ಅವರು ಯಾವ ನಾಗಾವಿಯನ್ನು ಅಗೆಯಬೇಕು? ಹೆಸರಿನ ಜಾಡು ಹಿಡಿದು ಹೊರಟವರು ಈ ಎಚ್ಚರವನ್ನು ಜೋಳಿಗೆಯಲ್ಲಿ ಇಟ್ಟುಕೊಂಡೇ ಹೊರಡಬೇಕು.

ತಿರುಳ್ಗನ್ನಡದ ನಾಡಿನಿಂದ

ಗದಗಿನಿಂದ ಕರಾವಳಿಗೆ ಹುಬ್ಬಳ್ಳಿಯ ಮೇಲೆ ಹೋಗುವುದು ರೂಢಿ. ಅಜ್ಜ-ಮೊಮ್ಮಗಳು ಹಿಡಿದದ್ದು ಲಕ್ಷ್ಮೇಶ್ವರ, ಸವಣೂರು, ಹಾನಗಲ್ಲ, ಶಿರಸಿಯ ದಾರಿ. ಬಸ್ಸು ಬದಲಿಸುವ ತಾಪತ್ರಯ ಹೆಚ್ಚು, ಆದರೆ ನೋಡಬೇಕಾದದ್ದೂ ಹೆಚ್ಚು.

ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಉಳಿದವು ಕಿಸುವೊಳಲು, ಕೊಪಣ ಮತ್ತು ಒಂಕುಂದ, ಎಂದರೆ ಈಗಿನ ಪಟ್ಟದಕಲ್ಲು, ಕೊಪ್ಪಳ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ತಿರುಳ್ಗನ್ನಡದ ಊರಿನಲ್ಲಿ ಚಹಾ ಕುಡಿದು, ಕನ್ನಡದ ನಾಲ್ಕು ಮಾತು ಹುಡುಕಲು ತುಳುನಾಡಿನ ತೀರಕ್ಕೆ ಹೊರಡುವುದು ತಮಾಷೆಯೇ ಸರಿ.

ಹಾನಗಲ್ಲ ತಾಲ್ಲೂಕಿನಲ್ಲಿ ಅಕ್ಕಿಆಲೂರು ಎಂಬ ಊರಿದೆ. ಅಲ್ಲಿ ಬೈಜಾಂಟಿಯಂ ಚಕ್ರವರ್ತಿಗಳ, ಅಂದರೆ ಇಂದಿನ ಇಸ್ತಾಂಬುಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ ಅರಸರ, ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ಮೆಡಿಟರೇನಿಯನ್ ಸಮುದ್ರದ ಹಣ ಕನ್ನಡದ ಮಣ್ಣಿನೊಳಗೆ ಇದ್ದುದು ನಿಜ. ಹಣ ಬಂದಿತ್ತೆಂದರೆ ವ್ಯಾಪಾರವಿತ್ತು. ಆದರೆ ನಾಣ್ಯ ಕೈಯಿಂದ ಕೈಗೆ ದಾಟುತ್ತದೆ. ಅದನ್ನು ಅಚ್ಚು ಹಾಕಿದ ದೇಶದವನೇ ಹೊತ್ತು ತಂದನೆಂದು ಹೇಳಲು ಬಾರದು.

ಶಿರಸಿಗೆ ಮುಟ್ಟುವ ಮೊದಲು ಬನವಾಸಿ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿಯ ಪಟ್ಟಿಯಲ್ಲಿ ಈ ಊರಿನ ಹೆಸರು ಸ್ಪಷ್ಟವಾಗಿಯೇ ಇದೆ. ಬಾದಾಮಿ, ಪಟ್ಟದಕಲ್ಲು, ಮುದಗಲ್ಲುಗಳ ಹೆಸರನ್ನೂ ವಿದ್ವಾಂಸರು ಅವನ ಪಟ್ಟಿಯಲ್ಲಿ ಗುರುತಿಸಿದ್ದಾರೆ. ಟಾಲೆಮಿ ಊರುಗಳಿಗೆ ಅಕ್ಷಾಂಶ ರೇಖಾಂಶಗಳನ್ನೂ ಕೊಟ್ಟವನು. ಆದರೆ ಭಾರತವನ್ನು ಅವನು ನೋಡಿರಲಿಲ್ಲ. ಅವನ ಲೆಕ್ಕದಂತೆ ನಕ್ಷೆ ಬರೆದರೆ ನಮ್ಮ ಪರ್ಯಾಯದ್ವೀಪ ಚಪ್ಪಟೆಯಾಗಿ, ದಕ್ಷಿಣಕ್ಕೆ ಇಳಿಯಬೇಕಾದ ಪಶ್ಚಿಮ ಕರಾವಳಿ ಪೂರ್ವಕ್ಕೆ ಮಲಗಿಬಿಡುತ್ತದೆ. ಹಾಗಾಗಿ ಅಂಕಿ ನಂಬುವಂತಿಲ್ಲ, ಹೆಸರಿನ ಸದ್ದು ಮಾತ್ರ ಗತಿ.

ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗರಕಲ್ಲು ಒಂದಿದೆ. ಚುಟು ಅರಸರ ಕಾಲದ್ದು, ಸುಮಾರು ಎರಡನೆಯ ಶತಮಾನದ್ದೆಂದು ಹೇಳುತ್ತಾರೆ. ಅದರ ಅಂಚಿನಲ್ಲಿ ಬ್ರಾಹ್ಮಿ ಅಕ್ಷರಗಳಿವೆ. ಭಾಷೆ ಕನ್ನಡವಲ್ಲ, ಪ್ರಾಕೃತ. ಮೊಮ್ಮಗಳ ಗ್ರೀಕ್ ನಾಟಕಕ್ಕೂ ಈ ಕಲ್ಲಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಕನ್ನಡದ ನೆಲದ ನಡುವೆಯೇ ನಿಂತ ಕಲ್ಲು ಪ್ರಾಕೃತದಲ್ಲಿ ಮಾತನಾಡುತ್ತದೆ. ಕನ್ನಡ ಮಾತ್ರ ಸಮುದ್ರದಾಚೆ ಈಜಿಪ್ಟಿನಲ್ಲಿ ಕೇಳಿಸುತ್ತದೆ ಎನ್ನುತ್ತಾರೆ. ಜನರ ಬಾಯಲ್ಲಿ ಕನ್ನಡ ಇರಲಿಲ್ಲವೆಂದು ಇದರ ಅರ್ಥವಲ್ಲ. ಅರಮನೆಯ ಬರಹದ ಭಾಷೆ ಬೇರೆ, ಅಡಿಗೆಮನೆಯ ಭಾಷೆ ಬೇರೆ. ಪೂರ್ಣ ಕನ್ನಡದ ಹಲ್ಮಿಡಿ ಶಾಸನ ಬರುವುದು ಸುಮಾರು ಕ್ರಿ.ಶ. 450ಕ್ಕೆ. ತಾಳಗುಂದದ ಸಿಂಹಕಟಾಂಜನದ ಶಾಸನ ಅದಕ್ಕಿಂತ ಹಳೆಯದು, ಸುಮಾರು 370ರದು ಎಂಬ ಅಭಿಪ್ರಾಯವಿದೆ. ಅದಕ್ಕೂ ಹಿಂದಿನ ಕನ್ನಡ ಹೇಗಿತ್ತೆಂದು ತಾಳೆ ನೋಡಲು ಒಂದು ಪೂರ್ಣ ವಾಕ್ಯವೂ ಕೈಯಲ್ಲಿಲ್ಲ.

ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಗಾಳಿಯ ವಾಸನೆ ಬದಲಾಗುತ್ತದೆ. ಕುಮಟಾದಿಂದ ದಕ್ಷಿಣಕ್ಕೆ ಹೊನ್ನಾವರ, ಭಟ್ಕಳ, ಬೈಂದೂರು, ಕುಂದಾಪುರ ಕಳೆದರೆ ಉಡುಪಿ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ. ಕಿಟಕಿಯ ಬಳಿ ಕುಳಿತ ಅಜ್ಜ ಮೊದಲ ಬಾರಿಗೆ ಕಡಲನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲಿ. ಬಹಳ ಹೊತ್ತು ಸುಮ್ಮನಿದ್ದು, “ಇದಕ್ಕ ಬದುವ ಇಲ್ಲಲ್ಲವಾ” ಎಂದರಂತೆ.

ಕಸದ ಗುಡ್ಡೆಯಲ್ಲಿ ಸಿಕ್ಕ ನಾಟಕ

ಗ್ರೀಕರ ಗುರುತು ನೋಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೆಡಿಟರೇನಿಯನ್ ತೀರಕ್ಕೆ ಹೋಗುತ್ತಾರೆ. ಟರ್ಕಿಯ ಎಫೆಸಸ್‌ನಲ್ಲಿ ಗುಡ್ಡದ ಮಗ್ಗುಲಿಗೆ ಕಡೆದ ರಂಗಮಂದಿರವಿದೆ. ಸಿಸಿಲಿಯ ಸಿರಾಕ್ಯೂಸ್‌ನಲ್ಲಿ ಕಲ್ಲಿನ ಮೆಟ್ಟಿಲ ಸಾಲುಗಳಿವೆ, ದಕ್ಷಿಣ ಇಟಲಿಯ ಪೆಸ್ಟಮ್‌ನಲ್ಲಿ ಗುಡಿಯ ಕಂಬಗಳು ಇನ್ನೂ ನಿಂತಿವೆ. ಮಲ್ಪೆಯಲ್ಲಿ ಅಂಥದ್ದು ಒಂದೂ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿನ ಗ್ರೀಕ್ ನಂಟು ಎಂಬುದೆಲ್ಲ ಒಂದು ಹರಕು ಹಾಳೆಯ ಮೇಲೆ ನಿಂತಿದೆ, ಆ ಹಾಳೆಯೂ ಇಲ್ಲಿಲ್ಲ.

ಈಜಿಪ್ಟಿನ ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ ಆಕ್ಸಿರಿಂಕಸ್ ಎಂಬ ಪ್ರಾಚೀನ ಊರಿತ್ತು. ಅಲೆಕ್ಸಾಂಡರನ ನಂತರ ಈಜಿಪ್ಟಿನಲ್ಲಿ ಗ್ರೀಕರು ನೆಲೆ ನಿಂತು, ಗ್ರೀಕ್ ಆಡಳಿತ ಭಾಷೆಯಾಗಿತ್ತು. ಆ ಊರಿನ ಜನ ಬೇಡವಾದ ಕಾಗದಪತ್ರಗಳನ್ನು ಊರ ಹೊರಗಿನ ತಿಪ್ಪೆಗೆ ಎಸೆಯುತ್ತಿದ್ದರು. ಅವು ಜೊಂಡಿನ ಜಾತಿಯ ಗಿಡದಿಂದ ಮಾಡಿದ ಪಪೈರಸ್ ಹಾಳೆಗಳು. ಮಳೆಯೇ ಬೀಳದ ಮರಳಿನಲ್ಲಿ ಅವು ಕೊಳೆಯದೆ ಉಳಿದವು. ತೇವವಿಲ್ಲದ ಕಡೆ ಸೂಕ್ಷ್ಮಜೀವಿಗಳ ಆಟ ನಡೆಯದು. ಇದೇ ಹಾಳೆ ಮಲ್ಪೆಯಲ್ಲಿ ಬಿದ್ದಿದ್ದರೆ ಒಂದೇ ಮಳೆಗಾಲಕ್ಕೆ ಗೊಬ್ಬರವಾಗುತ್ತಿತ್ತು.

1896ರಿಂದ ಅಲ್ಲಿ ಅಗೆತ ನಡೆಸಿದ ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ 413ನೆಯ ಸಂಖ್ಯೆಯ ಹಾಳೆಯೇ ಈ ನಾಟಕ. ಎರಡನೆಯ ಶತಮಾನದ ಪ್ರತಿ. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಕಥೆ ಸರಳ. ಖಾರಿಟಿಯನ್ ಎಂಬ ಗ್ರೀಕ್ ಯುವತಿ ಭಾರತದ ಒಂದು ಕರಾವಳಿಯಲ್ಲಿ ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ, ಜೊತೆಗೆ ಒಬ್ಬ ವಿದೂಷಕ. ಅಲ್ಲಿನ ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವರು ಅಮಲೇರಿ ಕುಣಿಯುತ್ತಿರುವಾಗ ತಂಗಿಯನ್ನು ಹಡಗು ಹತ್ತಿಸುತ್ತಾನೆ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುವವರು. ಆ ರೂಢಿ ಅರಿಯದವರನ್ನು ಏಮಾರಿಸುವುದೇ ಇಲ್ಲಿನ ನಗೆಯ ಮೂಲ. ವಿದೂಷಕನ ಹೂಸಿನ ಹಾಸ್ಯವಂತೂ ಧಾರಾಳವಾಗಿದೆ. ಎಲ್ಲೆಲ್ಲಿ ವಾದ್ಯ ಬಡಿಯಬೇಕು ಎಂಬ ಗುರುತುಗಳೂ ಹಾಳೆಯ ಮೇಲಿವೆ. ಒಟ್ಟಿನಲ್ಲಿ ಊರ ಜಾತ್ರೆಯ ಕಂಪನಿ ನಾಟಕದ ಪ್ರತಿಯಂತೆ ಇದು ಆಡಿಸುವವರ ಪ್ರತಿ.

ಅರಸ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಗ್ರೀಕ್ ಲಿಪಿಯಲ್ಲಿ ಬರೆದ ಬೇರಾವುದೋ ನುಡಿ. ಅದು ಯಾವ ನುಡಿ ಎಂಬುದೇ ನೂರಿಪ್ಪತ್ತು ವರ್ಷಗಳ ಪ್ರಶ್ನೆ.

ಪಂಡಿತರ ವಾದ

1904ರಲ್ಲಿ, ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿದ್ದ ಜರ್ಮನ್ ವಿದ್ವಾಂಸ ಹುಲ್ಟ್ಜ್ ಅದು ಕನ್ನಡ ಎಂದು ಸೂಚಿಸಿದರು. ಮದ್ಯ ಹಂಚುವ ಸಂದರ್ಭದ ಮಾತಿನಲ್ಲಿ ಬೇರೆ, ಕೊಂಚ, ಮಧು, ಪಾತ್ರ ಎಂಬಂಥ ಶಬ್ದಗಳನ್ನು ಅವರು ಓದಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಇದನ್ನು ಬೆಂಬಲಿಸಿದರು. ಕಾಸರಗೋಡಿನ ಮಂಜೇಶ್ವರದಲ್ಲಿ ಕುಳಿತು ಹತ್ತಾರು ಭಾಷೆ ಕಲಿತ ರಾಷ್ಟ್ರಕವಿ ಗೋವಿಂದ ಪೈಗಳು ನಾಟಕದ ಸ್ಥಳ ಉದ್ಯಾವರವೆಂದರು. ಇತಿಹಾಸಕಾರ ಭಾಸ್ಕರ ಆನಂದ ಸಾಲೆತೊರೆ ಅದನ್ನು ಒಪ್ಪದೆ, ಮಲ್ಪೆಯ ಬಳಿಯ ವಡಭಾಂಡೇಶ್ವರವೆಂದರು. ಓಡ ಎಂದರೆ ಹಡಗು, ಹಡಗಿನ ಈಶ್ವರ ಎಂಬುದು ಅವರ ವಿವರಣೆ. ಅದು ಕನ್ನಡವಲ್ಲ, ತುಳು ಎಂದು ವಾದಿಸಿದವರೂ ಇದ್ದಾರೆ.

ಇನ್ನೊಂದು ಕಡೆ, ಬ್ರಿಟಿಷ್ ಮ್ಯೂಸಿಯಂನ ಬಾರ್ನೆಟ್ 1926ರಲ್ಲಿ ಬರೆದ ಲೇಖನದಲ್ಲಿ ಕನ್ನಡದ ಓದನ್ನು ಒಪ್ಪಲಿಲ್ಲ. ಸಂಶಯಕ್ಕೆ ಕಾರಣಗಳು ಯಾರಿಗೂ ತಿಳಿಯುವಂಥವೇ. ಆ ಕಾಲದ ಗ್ರೀಕರು ಶಬ್ದ ಶಬ್ದದ ನಡುವೆ ಜಾಗ ಬಿಡದೆ ಒಂದೇ ಸಮನೆ ಬರೆಯುತ್ತಿದ್ದರು. ಎಲ್ಲಿ ಕತ್ತರಿಸಬೇಕೆಂಬುದು ಓದುವವನಿಗೆ ಬಿಟ್ಟದ್ದು. ಗ್ರೀಕ್ ಲಿಪಿಯಲ್ಲಿ ನಮ್ಮ ‘ಚ’ ಇಲ್ಲ, ‘ಳ’ ಇಲ್ಲ, ‘ಟ’ಕ್ಕೂ ‘ತ’ಕ್ಕೂ ಭೇದವಿಲ್ಲ. ಹಳಗನ್ನಡದಲ್ಲಿ ಪಾಲ್ ಎಂದಿದ್ದುದು ಇಂದು ಹಾಲು, ಪುಲಿ ಎಂದಿದ್ದುದು ಹುಲಿ. ಎರಡನೆಯ ಶತಮಾನದ ಮಾತನ್ನು ಇಂದಿನ ಕನ್ನಡದ ಕಿವಿಯಿಂದ ಕೇಳಿದರೆ ಎಡವುವ ಸಂಭವ ಹೆಚ್ಚು. ಕಥೆಯ ಚೌಕಟ್ಟನ್ನೂ ಯೂರಿಪಿಡಿಸ್ ಎಂಬ ಹಳೆಯ ಗ್ರೀಕ್ ನಾಟಕಕಾರನಿಂದ ಎರವಲು ತಂದಿದ್ದಾರೆ. ಅವನ ನಾಟಕದಲ್ಲಿ ಸೆರೆಯ ಗುಡಿ ಇದ್ದುದು ಕಪ್ಪು ಸಮುದ್ರದ ಕ್ರಿಮಿಯಾದಲ್ಲಿ. ಇಲ್ಲಿ ಅದನ್ನು ಭಾರತಕ್ಕೆ ಸಾಗಿಸಿದ್ದಾರೆ. ಕವಿ ಕಟ್ಟಿದ ಊರಿಗೆ ಸರ್ವೆ ನಂಬರು ಇರಲೇಬೇಕೆಂದಿಲ್ಲ.

ಗದಗಿನ ಕಡೆಯ ನಾಟಕಪ್ರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಪನಿ ನಾಟಕದಲ್ಲಿ ಬ್ರಿಟಿಷ್ ಕಲೆಕ್ಟರನ ಪಾತ್ರಧಾರಿ ‘ಟಸ್ ಪುಸ್’ ಎಂದು ಇಂಗ್ಲಿಷ್ ಹೊಡೆಯುತ್ತಾನೆ. ಅದರಲ್ಲಿ ನಿಜವಾದ ಇಂಗ್ಲಿಷ್ ಶಬ್ದ ಮೂರೋ ನಾಲ್ಕೋ ಇರುತ್ತವೆ, ಉಳಿದದ್ದು ಬರೀ ಸದ್ದು. ಸಾವಿರದೆಂಟುನೂರು ವರ್ಷ ಕಳೆದ ಮೇಲೆ ಆ ಮಾತನ್ನು ಹಿಡಿದು ಒಬ್ಬರು ‘ಇದು ಶುದ್ಧ ಇಂಗ್ಲಿಷ್’ ಎಂದರೆ ತಪ್ಪು. ‘ಇದರಲ್ಲಿ ಇಂಗ್ಲಿಷೇ ಇಲ್ಲ’ ಎಂದರೂ ತಪ್ಪು. ಭಾರತದ ತೀರ ಕಂಡು ಬಂದ ನಾವಿಕರ ಬಾಯಿಂದ ನಾಲ್ಕು ದ್ರಾವಿಡ ಮಾತುಗಳು ಅಲೆಕ್ಸಾಂಡ್ರಿಯದ ನಟರ ಕಿವಿಗೆ ಬಿದ್ದಿರಬಾರದೇಕೆ? ಬಿದ್ದಿರಬಹುದು. ಆದರೆ ‘ಬಹುದು’ ಎಂಬುದು ‘ಇದೆ’ ಆಗಲು ಇನ್ನಷ್ಟು ಸಾಕ್ಷಿ ಬೇಕು.

‘ಎಲ್ಲೆ ಬಲೆ’

ಉಡುಪಿಯಿಂದ ಮಲ್ಪೆಗೆ ಸುಮಾರು ಆರು ಕಿಲೋಮೀಟರು. ಸಿಟಿ ಬಸ್ಸುಗಳು ಧಾರಾಳ. ಬಂದರು ರಾಜ್ಯದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. ಮಂಜುಗಡ್ಡೆಯ ಲಾರಿ, ಮೀನಿನ ಬುಟ್ಟಿ, ಡೀಸೆಲ್ ವಾಸನೆ, ನೆತ್ತಿಯ ಮೇಲೆ ಹದ್ದು. ವಡಭಾಂಡೇಶ್ವರದಲ್ಲಿ ಇಂದು ಇರುವುದು ಬಲರಾಮನ ಗುಡಿ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಬಿರುಗಾಳಿಗೆ ಸಿಕ್ಕ ಹಡಗನ್ನು ಬಟ್ಟೆ ಬೀಸಿ ದಡ ಸೇರಿಸಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಗಳಲ್ಲಿ ಉಡುಪಿಯ ಕೃಷ್ಣನೂ ಇಲ್ಲಿನ ಬಲರಾಮನೂ ಸಿಕ್ಕರು ಎಂಬುದು ಇಲ್ಲಿನ ನಂಬಿಕೆ. ದೂರದ ಹಡಗು, ಗಾಳಿ, ದೇವರು - ಈ ತೀರದ ನೆನಪುಗಳಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ. ದಕ್ಷಿಣಕ್ಕೆ ಸ್ವಲ್ಪ ದೂರದ ಉದ್ಯಾವರ ಆಳುಪ ಅರಸರ ರಾಜಧಾನಿಯಾಗಿತ್ತು. ಅವರ ಹಳೆಯ ಕನ್ನಡ ಶಾಸನಗಳು ಅಲ್ಲಿವೆ. ಆದರೆ ಅವು ನಾಟಕಕ್ಕಿಂತ ನೂರಾರು ವರ್ಷ ಈಚಿನವು.

ಮೊದಲ ದಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಹೊರಡಲಿಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದ ಮನೆಯವರಿಗೆ ದೋಣಿಯವನೊಬ್ಬ ತುಳುವಿನಲ್ಲಿ ಹೇಳಿದ: “ಇನಿ ಗಾಳಿ ಜೋರುಂಡು. ಬೋಟು ಪೋಪುಜಿ. ಎಲ್ಲೆ ಬಲೆ.” ಹುಡುಗಿ ಕಿವಿಗೆ ಬಿದ್ದಂತೆ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಗಾಳಿ ಜೋರು ಎಂಬುದು ತಿಳಿಯಿತು. ಕೊನೆಯ ಮಾತೂ ತಿಳಿಯಿತು ಎಂದುಕೊಂಡಳು. “ಅಜ್ಜಾ, ಬಲಿ ಎಲ್ಲಿ ಅಂತ ಕೇಳಾಕತ್ತಾನ” ಎಂದು ಪಕ್ಕದಲ್ಲಿ ರಾಶಿ ಬಿದ್ದಿದ್ದ ನೀಲಿ ಬಲೆಗಳನ್ನು ತೋರಿಸಿದಳು. ಅಜ್ಜನಿಗೂ ಸರಿಯೆನಿಸಿತು. ದೋಣಿಯವ, ಬಲೆಯ ರಾಶಿ, ‘ಎಲ್ಲಿ ಬಲೆ’ ಎಂಬ ಪ್ರಶ್ನೆ. ಇದಕ್ಕಿಂತ ಹೊಂದುವ ಅರ್ಥ ಯಾವುದಿದ್ದೀತು?

ಮರುದಿನ ಬೆಳಿಗ್ಗೆ ಅವಳು ತನ್ನ ಪುಸ್ತಕ ನೋಡಿ ಓದಿದಾಗ ದೋಣಿಯವನಿಗೆ ನಗು ತಡೆಯಲಾಗಲಿಲ್ಲ. “ಬಲೆಗೆ ನಾವೂ ಬಲೆ ಅಂತಲೇ ಹೇಳುವುದು ಮಗಾ. ಆದರೆ ಎಲ್ಲೆ ಅಂದರೆ ನಾಳೆ. ಬಲೆ ಅಂದರೆ ಬನ್ನಿ ಅಂತಲೂ ಆಗುತ್ತದೆ. ನಾಳೆ ಬನ್ನಿ ಅಂತ ಹೇಳಿದ್ದು, ಅಷ್ಟೇ.”

ತುಳು ಕನ್ನಡದ ಅಕ್ಕಪಕ್ಕದ ಮನೆಯ ಭಾಷೆ. ಹೇಳಿದವನು ಎದುರಿಗೇ ಇದ್ದ, ಬರೆದವಳು ಅದೇ ಕ್ಷಣ ಬರೆದುಕೊಂಡಿದ್ದಳು, ಲಿಪಿಯೂ ಎರಡಕ್ಕೂ ಹೊಂದುವಂಥದ್ದು. ಆದರೂ ಎರಡು ಶಬ್ದಗಳಲ್ಲಿ ಎರಡೂ ತಪ್ಪಿದವು. ತಪ್ಪಿದ್ದು ಗೊತ್ತಾಗದಷ್ಟು ಚೆನ್ನಾಗಿ ಅರ್ಥ ಹೊಂದಿತ್ತು. ಆಕ್ಸಿರಿಂಕಸ್‌ನ ಹಾಳೆಗೆ ಮರುದಿನ ಸಿಕ್ಕಿ ತಿದ್ದುವ ದೋಣಿಯವನಿಲ್ಲ. ಅರ್ಥ ಹೊಂದುತ್ತದೆ ಎಂಬುದಷ್ಟೇ ಸಾಕ್ಷಿಯಲ್ಲ ಎಂಬ ಪಾಠವನ್ನು ಯಾವ ಪ್ರಯೋಗಾಲಯವೂ ಇಷ್ಟು ಸುಲಭವಾಗಿ ಕಲಿಸಲಾರದು.

ಗಾಳಿಯ ಸಾಕ್ಷಿ

ಹಾಗಾದರೆ ಈ ತೀರಕ್ಕೂ ಗ್ರೀಕರಿಗೂ ನಂಟೇ ಇಲ್ಲವೇ? ಖಂಡಿತವಾಗಿ ಹೇಳಬಹುದಾದದ್ದು ಬೇಕಷ್ಟಿದೆ. ಬೇಸಿಗೆಯಲ್ಲಿ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ, ಆ ತೆರವು ತುಂಬಲು ಕಡಲಿನ ತೇವದ ಗಾಳಿ ನುಗ್ಗುತ್ತದೆ, ಭೂಮಿಯ ತಿರುಗಾಟ ಅದನ್ನು ನೈರುತ್ಯದ ಗಾಳಿಯಾಗಿ ಬಾಗಿಸುತ್ತದೆ. ಚಳಿಗಾಲದಲ್ಲಿ ಎಲ್ಲ ತಿರುಗುಮುರುಗು. ಅರಬ್ಬಿ ಸಮುದ್ರದ ನಾವಿಕರಿಗೆ ಮೊದಲಿನಿಂದ ಗೊತ್ತಿದ್ದ ಈ ಗುಟ್ಟನ್ನು ಗ್ರೀಕರು ಕಲಿತು ಹಿಪ್ಪಾಲಸ್ ಎಂಬ ಹೆಸರಿಗೆ ಕಟ್ಟಿದರು. ಸರಕು ಅಲೆಕ್ಸಾಂಡ್ರಿಯದಿಂದ ನೈಲ್ ನದಿಯ ಮೇಲೆ, ಅಲ್ಲಿಂದ ಒಂಟೆಗಳ ಮೇಲೆ ಮರುಭೂಮಿ ದಾಟಿ ಕೆಂಪು ಸಮುದ್ರದ ರೇವಿಗೆ ಬರುತ್ತಿತ್ತು. ಕೆಂಪು ಸಮುದ್ರದ ಬಾಯಿಯಿಂದ ಕೇರಳದ ಮುಜಿರಿಸ್‌ಗೆ ಈ ಗಾಳಿಯಲ್ಲಿ 40 ದಿನಗಳ ಹಾದಿ ಎಂದು ಪ್ಲಿನಿ ಬರೆದಿದ್ದಾನೆ. ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೋಗುತ್ತವೆಂದು ಸ್ಟ್ರಾಬೊ ಹೇಳುತ್ತಾನೆ.

ಇದು ಬರೀ ಬರಹದ ಮಾತಲ್ಲ. ಕೆಂಪು ಸಮುದ್ರದ ಬೆರೆನಿಕೆ ರೇವಿನ ಅಗೆತದಲ್ಲಿ ಭಾರತದ ಮಡಕೆಯೊಂದರಲ್ಲಿ ಏಳು ಕಿಲೋಗೂ ಹೆಚ್ಚು ಕರಿಮೆಣಸು ಸಿಕ್ಕಿದೆ. ತಮಿಳು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಮಡಕೆಚೂರುಗಳು ಈಜಿಪ್ಟಿನಲ್ಲಿ ದೊರೆತಿವೆ. ಕೇರಳದ ಪಟ್ಟಣಂನಲ್ಲಿ 2007ರಿಂದ ನಡೆದ ಅಗೆತದಲ್ಲಿ ಮೆಡಿಟರೇನಿಯನ್ ಕಡೆಯ ಮದ್ಯ ಮತ್ತು ಎಣ್ಣೆಯ ಜಾಡಿಗಳ ಚೂರುಗಳು ಹೊರಬಂದವು. ಎರಡನೆಯ ಶತಮಾನದ ಒಂದು ಪಪೈರಸ್‌ನಲ್ಲಿ ಮುಜಿರಿಸ್‌ನಿಂದ ಮರಳಿದ ‘ಹರ್ಮಪೊಲ್ಲೋನ್’ ಎಂಬ ಹಡಗಿನ ಸರಕಿನ ಲೆಕ್ಕವೇ ಇದೆ. ಆ ಹಡಗುಗಳ ದಾರಿ ನಮ್ಮ ಕರಾವಳಿಯ ಎದುರೇ ಹಾಯುತ್ತಿತ್ತು. ಮೊದಲ ಶತಮಾನದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ ಈ ಭಾಗದಲ್ಲಿ ಕಡಲ್ಗಳ್ಳರ ಭಯವಿದೆ ಎಂದು ಎಚ್ಚರಿಸುತ್ತದೆ, ಒಂದು ಬಿಳಿಯ ದ್ವೀಪವನ್ನೂ ನೌರಾ ಎಂಬ ರೇವನ್ನೂ ಹೆಸರಿಸುತ್ತದೆ. ನೌರಾ ಹೊನ್ನಾವರ ಎಂದು ಕೆಲವರು, ಮಂಗಳೂರು ಎಂದು ಕೆಲವರು, ಕಣ್ಣೂರು ಎಂದು ಇನ್ನು ಕೆಲವರು. ಮತ್ತೆ ಅದೇ ನಾಗಾವಿಯ ಕಥೆ.

ಬಿರಿದ ಎರೆ, ಬಿರಿದ ಕಲ್ಲು

ಎರಡನೆಯ ದಿನ ಗಾಳಿ ತಗ್ಗಿ ದೋಣಿ ಹೊರಟಿತು. ದ್ವೀಪದಲ್ಲಿ ಕಾಣುವುದು ಐದು, ಆರು ಮೂಲೆಯ ಕಲ್ಲಿನ ಕಂಬಗಳು. ಯಾರೋ ಕಡೆದು ಜೋಡಿಸಿ ನಿಲ್ಲಿಸಿದಂತೆ ಒತ್ತೊತ್ತಾಗಿ ನಿಂತಿವೆ. ಗ್ರೀಕರ ಕಂಬ ಹುಡುಕಿ ಬಂದವರು ಇವನ್ನೇ ಗ್ರೀಕರ ಕೆಲಸವೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಆದರೆ ಇವು ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದರಿಂದ ಒಂದು ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ. ಬಾಯಿಮಾತಿನಲ್ಲಿ ಬಸಾಲ್ಟ್ ಎನ್ನುತ್ತಾರೆ. ಪರೀಕ್ಷಿಸಿದವರು ಇದು ರಯೋಲೈಟ್ ಜಾತಿಗೆ ಹತ್ತಿರದ್ದು ಎನ್ನುತ್ತಾರೆ.

ಕಲ್ಲು ಹೀಗೆ ಮೂಲೆ ಮೂಲೆಯಾಗಿ ಹೇಗೆ ಸೀಳಿತು ಎಂದು ಮೊಮ್ಮಗಳು ಕೇಳಿದಾಗ ಅಜ್ಜ ಬಗ್ಗಿ ನೋಡಿ, “ನಮ್ಮ ಎರಿ ಹೊಲಾ ಬ್ಯಾಸಗ್ಯಾಗ ಬಿರದಂಗ ಐತಲ್ಲವಾ” ಎಂದರು. ಉತ್ತರ ಅದೇ. ನೀರು ಆರಿದ ಎರೆಮಣ್ಣು ಕುಗ್ಗಿ ಬಿರಿಯುತ್ತದೆ, ಶಾಖ ಆರಿದ ಲಾವಾ ಕುಗ್ಗಿ ಬಿರಿಯುತ್ತದೆ. ಎಳೆತ ಎಲ್ಲ ಕಡೆಯೂ ಸಮವಾಗಿದ್ದರೆ ಬಿರುಕು ಐದಾರು ಮೂಲೆಯ ಬಿಲ್ಲೆಗಳಾಗಿ ಹರಡುತ್ತದೆ. ಮಣ್ಣಿನಲ್ಲಿ ಅದು ಮೇಲ್ಮೈಯಿಂದ ಸ್ವಲ್ಪ ಕೆಳಗಿಳಿದು ನಿಲ್ಲುತ್ತದೆ, ಲಾವಾದಲ್ಲಿ ತಣಿಯುತ್ತ ಹೋದಂತೆ ಆಳಕ್ಕಿಳಿದು ಕಂಬವಾಗುತ್ತದೆ. ಕಡಲು ಕಾಣದ ಒಕ್ಕಲಿಗ ಮೊದಲ ನೋಟಕ್ಕೆ ಹೇಳಿದ ಮಾತಿಗೆ ತಿದ್ದುಪಡಿ ಬೇಕಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ತನ್ನ ಹೊಲದಲ್ಲಿ ನೋಡಿದ್ದನ್ನೇ ಅವರು ಹೇಳಿದ್ದರು.

ದ್ವೀಪಕ್ಕೆ ಹೋಗುವವರು ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳಿಲ್ಲ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ. ದಾರಿಯಲ್ಲಿ ಬನವಾಸಿಗೆ ಅರ್ಧ ದಿನ ಕೊಟ್ಟರೆ ನಷ್ಟವಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಹುಡುಗಿ ಭಾಷಣದ ಹಾಳೆ ತೆಗೆದು ತಿದ್ದಿದಳು. ‘ಕನ್ನಡ ಮಾತುಗಳಿವೆ’ ಎಂಬುದು ‘ಕನ್ನಡ ಮಾತುಗಳು ಇರಬಹುದೆಂದು ಕೆಲವು ವಿದ್ವಾಂಸರು ಹೇಳಿದ್ದಾರೆ, ಕೆಲವರು ಒಪ್ಪಿಲ್ಲ’ ಎಂದಾಯಿತು. ಎರಡನೆಯ ವಾಕ್ಯವನ್ನು ಹೊಡೆದುಹಾಕಿ, ಬನವಾಸಿಯ ಹೆಸರು ಅಲೆಕ್ಸಾಂಡ್ರಿಯದವರೆಗೆ ಮುಟ್ಟಿತ್ತು ಎಂದು ಬರೆದಳು. ಓದಿಸಿ ಕೇಳಿದ ಅಜ್ಜನಿಗೆ ಸ್ವಲ್ಪ ಕಸಿವಿಸಿ.

“ಹಿಂಗ ಅಂದ್ರ ಚಪ್ಪಾಳಿ ಬೀಳ್ತಾವನವಾ?”

“ಬೀಳದಿದ್ರ ಬಿಡ್ಲಿ ಅಜ್ಜಾ. ಯಾರ ನೋಡ್ಯಾರ ಅಂತ ನೀನ ಕೇಳಿದ್ದಿ.”

ಮೇ ಮುಗಿಯುವ ಹೊತ್ತಿಗೆ ನಾಗಾವಿಯ ಹೊಲಗಳು ಹರಗಿ ಹಸನಾಗಿ ಹೆಸರಿನ ಬಿತ್ತಿಗೆಗೆ ಕಾಯುತ್ತಿದ್ದವು. ಉಡುಪಿಯ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಸಿ, ಘಟ್ಟ ಹತ್ತುವಾಗ ಹಗುರಾಗಿ, ಗದಗಿನ ಪಾಲಿಗೆ 600ರ ಆಸುಪಾಸು ಉಳಿಸಿಕೊಂಡು ಬರುವ ಗಾಳಿ ಇದು. ಗ್ರೀಕರ ಹಡಗುಗಳ ಹಾಯಿ ತುಂಬಿದ್ದೂ ಇದೇ, ಮಲ್ಪೆಯಲ್ಲಿ ಒಂದು ದಿನ ದೋಣಿ ನಿಲ್ಲಿಸಿದ್ದೂ ಇದರದೇ ಮುನ್ಸೂಚನೆ. ಬಿಂಕದಕಟ್ಟಿಯ ಕಡೆಯಿಂದ ಸಿಂಗಟಾಲೂರಿನ ತನಕ ಹಬ್ಬಿದ ಕಪ್ಪತಗುಡ್ಡದ ನೆತ್ತಿಯ ಮೇಲೆ ಫ್ಯಾನುಗಳು ಮುಖ ತಿರುಗಿಸಿ ಪಡುವಣಕ್ಕೆ ನಿಂತಿದ್ದವು. ಅಜ್ಜ ಕೂರಿಗೆ ಸರಿಮಾಡಿಕೊಳ್ಳುತ್ತಾ ನಡುನಡುವೆ ಆ ಕಡೆ ನೋಡುತ್ತಿದ್ದರು. ಅದು ಬರುವ ದಾರಿಯನ್ನು ಈ ಸಲ ಅವರು ಕಣ್ಣಾರೆ ನೋಡಿ ಬಂದಿದ್ದರು.